ನೂಲಿನಂತೆ ಸೀರೆ

‘ತಾಯಿಯಂತೆ ಮಗಳು, ನೂಲಿನಂತೆ ಸೀರೆ.’ ಹೆಣ್ಣು ನೋಡಲು ಹೊರಡುವವರ ಬಾಯಲ್ಲಿ ಈ ಗಾದೆ ಇವತ್ತಿಗೂ ಬರುತ್ತದೆ. ಉಪ್ಪಿಟ್ಟಿನ ತಟ್ಟೆ ತಂದಿಟ್ಟು ತಲೆತಗ್ಗಿಸಿ ಕೂತ ಹುಡುಗಿಯನ್ನು ಅರ್ಧ ಗಂಟೆ ನೋಡಿದರೆ ಏನು ತಿಳಿದೀತು? ತಾಯಿಯನ್ನು ನೋಡಿ ಎನ್ನುತ್ತಾರೆ ಹಿರಿಯರು. ಆ ಮಾತಿನ ಎಳೆ ಹಿಡಿದು ಇನ್ನಷ್ಟು ಮುಂದೆ ಹೋದರೆ ಸಂಬಂಧದೊಳಗಿನ ಮದುವೆಯೇ ಎದುರಾಗುತ್ತದೆ. ನಾವು ಚೆನ್ನಾಗಿ ಬಲ್ಲ ತಾಯಂದಿರು ಯಾರು? ಅಕ್ಕ, ಸೋದರತ್ತೆ, ಸೋದರಮಾವನ ಹೆಂಡತಿ. ಅವರ ಮಗಳೆಂದರೆ ನೂಲು ಕಂಡ ಸೀರೆ.

ಹೈದರಾಬಾದಿನ ಕೊಂಡಾಪುರದಲ್ಲಿ, ಬೀದರ ಕಡೆಯ ಒಂದು ಕನ್ನಡ ಕ್ರೈಸ್ತ ಕುಟುಂಬದ ಮನೆಯಲ್ಲಿ, ಈ ಗಾದೆಯನ್ನು ಈಚೆಗೆ ಮತ್ತೆ ಕೇಳಿದೆ. 1956ರವರೆಗೆ ಬೀದರ, ಕಲಬುರಗಿ, ರಾಯಚೂರು ಮೂರೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಆ ಕಡೆಯವರಿಗೆ ಈ ಊರು ಪರವೂರಲ್ಲ. ಹಳೆಯ ತಲೆಮಾರಿನ ಕನ್ನಡಿಗರಿಗೆ ಕಾಚಿಗುಡ ಹೇಗೋ, ಹೈಟೆಕ್ ಸಿಟಿಯಲ್ಲಿ ದುಡಿಯುವ ಈಗಿನವರಿಗೆ ಕೊಂಡಾಪುರ ಹಾಗೆ. ಆ ಮನೆಯ ಆಯಿಗೆ ಮಗನ ಮಗನಿಗೆ ಮಗಳ ಮಗಳನ್ನೇ ತಂದುಕೊಳ್ಳುವ ಆಸೆ. ‘ಯಾಕೋಬ ಹೆಣ್ಣು ತರಾಕ ಎಲ್ಲಿಗೆ ಹೋದ? ಸ್ವಾದರಮಾವನ ಮನಿಗೇ ಹೋದನಲ್ಲ?’ ಎಂದರು. ಮೊಮ್ಮಗಳು ಮೆತ್ತಗೆ, ‘ಆಯಿ, ಡಾಕ್ಟರು ಬ್ಯಾಡ ಅಂತಾರ’ ಎಂದಳು. ಆಯಿಯ ಮಾತನ್ನು ತಳ್ಳಿಹಾಕಲಾಗದು. ಮೊಮ್ಮಗಳ ಅಳುಕನ್ನೂ ನಕ್ಕು ಮರೆಯಲಾಗದು.

ಆಯಿ ಹೇಳಿದ್ದು ಬೈಬಲಿನ ಆದಿಕಾಂಡದಲ್ಲಿರುವುದೇ. ಯಾಕೋಬ ಖಾರಾನಿಗೆ ಹೋಗಿ ತಾಯಿ ರೆಬೆಕ್ಕಳ ಅಣ್ಣ ಲಾಬಾನನ ಮಕ್ಕಳಾದ ಲೇಯ, ರಾಹೇಲರಿಬ್ಬರನ್ನೂ ಮದುವೆಯಾಗುತ್ತಾನೆ. ಹೊರಗಿನವನ ಕೈಗಿಡುವ ಬದಲು ತಂಗಿಯ ಮಗನಿಗೇ ಕೊಟ್ಟರಾಯಿತೆಂದು ಲಾಬಾನ ಲೆಕ್ಕ ಹಾಕುವುದು ನಮ್ಮ ಹಳ್ಳಿಯ ಕಟ್ಟೆಯ ಮೇಲೆ ಕೂತು ಆಡಿದ ಮಾತಿನಂತಿದೆ. ಕನ್ನಡದ ಕಿವಿಗೆ ಈ ಕಥೆಯಲ್ಲಿ ಅಚ್ಚರಿಯೇ ಇಲ್ಲ. ನಮ್ಮ ಭಾಷೆಯಲ್ಲಿ ತಾಯಿಯ ಅಣ್ಣತಮ್ಮನೂ ಮಾವ, ಹೆಂಡತಿಯ ತಂದೆಯೂ ಮಾವ. ತಂದೆಯ ಅಕ್ಕತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಅಕ್ಕನ ಮಗ ಹುಟ್ಟುತ್ತಲೇ ಅಳಿಯ. ಮದುವೆ ಮಾತು ಏಳುವ ಮೊದಲೇ ಭಾಷೆ ಬೀಗತನ ಮಾಡಿಟ್ಟಿರುತ್ತದೆ. ದಕ್ಷಿಣದವರು ಸೋದರಮಾವನ, ಸೋದರತ್ತೆಯ ಮಗಳನ್ನು ತರುತ್ತಾರೆಂದು ಬೌಧಾಯನ ಧರ್ಮಸೂತ್ರ ಪ್ರತ್ಯೇಕವಾಗಿ ಹೇಳುತ್ತದೆ. ಮಾನ್ಯಖೇಟ, ಅಂದರೆ ಕಲಬುರಗಿ ಜಿಲ್ಲೆಯ ಇಂದಿನ ಮಳಖೇಡದಿಂದ ಆಳಿದ ರಾಷ್ಟ್ರಕೂಟರಲ್ಲಿ ಇಮ್ಮಡಿ ಕೃಷ್ಣ ಕಲಚುರಿ ದೊರೆ ಕೊಕ್ಕಲ್ಲನ ಮಗಳನ್ನು ತಂದ. ಅವನ ಮಗ ಜಗತ್ತುಂಗ ಅದೇ ಮನೆಯ ಸೋದರಮಾವನ ಮಗಳು ಲಕ್ಷ್ಮಿಯನ್ನು ತಂದ. ಮುಮ್ಮಡಿ ಇಂದ್ರ ಆ ದಾಂಪತ್ಯದ ಮಗ.

ಆದರೆ ಬೈಬಲಿನ ಪುಟ ತಿರುವುತ್ತ ಹೋದರೆ ಆಯಿಯೇ ತಡೆದು ನಿಲ್ಲುವ ಜಾಗಗಳು ಬರುತ್ತವೆ. ಯಾಕೋಬನ ಅಣ್ಣ ಏಸಾವ ತಂದೆಯ ಅಣ್ಣ ಇಷ್ಮಾಯೇಲನ ಮಗಳನ್ನು ವರಿಸಿದ. ಚಲ್ಪಹಾದನ ಐದು ಹೆಣ್ಣುಮಕ್ಕಳು, ತಂದೆಯ ಪಾಲಿನ ಭೂಮಿ ಕುಲ ಬಿಟ್ಟು ಹೋಗಬಾರದೆಂದು, ತಂದೆಯ ಅಣ್ಣತಮ್ಮಂದಿರ ಮಕ್ಕಳನ್ನೇ ಮದುವೆಯಾದರು. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು ನಮಗೆ ಅಣ್ಣತಂಗಿ. ಆ ಮಾತೆತ್ತಿದರೆ ನಮ್ಮ ಮನೆಗಳಲ್ಲಿ ಕಿವಿ ಮುಚ್ಚಿಕೊಳ್ಳುತ್ತಾರೆ. ಇದೇ ಹೈದರಾಬಾದಿನ ಮುಸ್ಲಿಂ ಮನೆಗಳಲ್ಲಿ ಅದು ಗೌರವದ ಸಂಬಂಧ. ಅಬ್ರಹಾಮನ ಸಹೋದರ ನಾಹೋರ ವರಿಸಿದ ಮಿಲ್ಕಾ ಅವರ ಇನ್ನೊಬ್ಬ ಸಹೋದರನ ಮಗಳು. ನಮ್ಮಲ್ಲಿ ಅಕ್ಕನ ಮಗಳು ಹೆಂಡತಿಯಾಗಬಹುದು, ಅಣ್ಣನ ಮಗಳು ಸ್ವಂತ ಮಗಳಂತೆ. ಅಬ್ರಹಾಮನಿಗೆ ಸಾರಾ ತಂದೆಯ ಕಡೆಯಿಂದ ತಂಗಿ. ಅಮ್ರಾಮ ಮದುವೆಯಾದ ಯೋಕೆಬೆದ ಅವನ ಸೋದರತ್ತೆ. ಇಲ್ಲಿಗೆ ಬಂದಾಗ ಆಯಿ ಕೂಡ ‘ಅದು ಆ ಕಾಲ’ ಎನ್ನುತ್ತಾರೆ. ಒಂದು ಮದುವೆಗೆ ಬೈಬಲನ್ನು ಸಾಕ್ಷಿಗೆ ಕರೆದು, ಇನ್ನೊಂದಕ್ಕೆ ಕಾಲವನ್ನು ಕರೆಯುವುದಾದರೆ, ತೀರ್ಪು ಕೊಡುತ್ತಿರುವುದು ಗ್ರಂಥವಲ್ಲ, ನಮ್ಮ ರೂಢಿ.

ಗ್ರಂಥ ತನ್ನ ಹಿರಿಯರ ಬಾಳನ್ನು ಮುಚ್ಚಿಡಲಿಲ್ಲ, ಅದನ್ನು ಅಪ್ಪಣೆಯಾಗಿಯೂ ಬಿಡಲಿಲ್ಲ. ಯಾಜಕಕಾಂಡದ 18ನೆಯ ಅಧ್ಯಾಯ ಮಲತಂಗಿಯನ್ನೂ ಸೋದರತ್ತೆಯನ್ನೂ ನಿಷೇಧಿಸುತ್ತದೆ. ಹೆಂಡತಿ ಬದುಕಿರುವಾಗ ಅವಳ ತಂಗಿಯನ್ನು ತರಬಾರದೆನ್ನುತ್ತದೆ. ಅಬ್ರಹಾಮನ, ಯಾಕೋಬನ ಮದುವೆಗಳು ಈ ಕಟ್ಟಳೆಯಲ್ಲಿ ನಿಲ್ಲುವುದಿಲ್ಲ. ಆ ಕಟ್ಟಳೆಯನ್ನು ಜನರಿಗೆ ತಂದುಕೊಟ್ಟ ಮೋಶೆಯೇ ಅಮ್ರಾಮ ಯೋಕೆಬೆದರ ಮಗ. ತನ್ನನ್ನು ಹೆತ್ತ ದಾಂಪತ್ಯವನ್ನೇ ಮುಂದಿನವರಿಗೆ ಬೇಡವೆಂದು ಅವನು ಹೇಳಬೇಕಾಯಿತು. ಇಡೀ ವಿಷಯದಲ್ಲಿ ನನ್ನನ್ನು ಅತಿಯಾಗಿ ಕಲಕುವುದು ಇದು. ಹೆತ್ತವರ ಮೇಲಿನ ಗೌರವ ಕಿಂಚಿತ್ತೂ ಕುಂದದೆ ಅವರು ನಡೆದ ದಾರಿಯನ್ನು ಬಿಡಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕೆ?

ಯಾಜಕಕಾಂಡದ ಈ ಪಟ್ಟಿ ಆ ಕಾಲದ ತಳಿವಿಜ್ಞಾನವೇ ಎಂದು ಕೆಲವು ಬೋಧಕರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ರಕ್ತದ ನಂಟೇ ಇಲ್ಲದ ಮಲತಾಯಿ, ಸೊಸೆ, ಅತ್ತಿಗೆ ಅದರಲ್ಲಿದ್ದಾರೆ. ಮಾವನ ಮಗಳು, ಅಕ್ಕನ ಮಗಳು ಇಲ್ಲ. ಒಂದೇ ಸೂರಿನಡಿಯ ಹೆಂಗಸರ ಮಾನ, ಮನೆಯ ನೆಮ್ಮದಿ ಆ ಪಟ್ಟಿಯ ಕಾಳಜಿ. ಅಕ್ಕತಂಗಿಯ ಮಗಳನ್ನು ವರಿಸುವವನನ್ನು ಯೆಹೂದಿಗಳ ಟಾಲ್ಮುಡ್ ಹೊಗಳಿದರೆ, ಸೋದರತ್ತೆ ಸಲ್ಲದಿದ್ದಾಗ ಸೋದರ ಸೊಸೆ ಹೇಗೆ ಸಲ್ಲುತ್ತಾಳೆಂದು ಅದೇ ಯೆಹೂದಿಗಳಲ್ಲಿ ಕುಮ್ರಾನಿನ ಪಂಥದವರು ವಾದಿಸಿದರು. ಕ್ಯಾಥೊಲಿಕರ 1983ರ ಸಂಹಿತೆಯಲ್ಲಿ ಮಾವನ ಮಗಳೂ ನಿಷಿದ್ಧವೇ, ಮದುವೆಗೆ ಸಭೆಯ ವಿಶೇಷ ವಿನಾಯಿತಿ ಬೇಕು. ಹಿಂದೂ ವಿವಾಹ ಕಾಯ್ದೆ 1955 ಇಂಥ ಮದುವೆಗಳನ್ನು ರೂಢಿಯಿದ್ದರೆ ಮಾತ್ರ ಒಪ್ಪುತ್ತದೆ.

ಈಗ ಮೊಮ್ಮಗಳ ಪ್ರಶ್ನೆ. ಗಾದೆ ನಂಬುವುದು ಕಣ್ಣನ್ನು. ನೂಲಿನ ಬಣ್ಣ, ನುಣುಪು ಕಾಣುತ್ತದೆ. ಕಾಣದ ಒಂದು ಸಡಿಲ ಎಳೆ ಪ್ರತಿಯೊಬ್ಬರ ನೂಲಿನಲ್ಲೂ ಇರುತ್ತದೆ, ಒಂದಲ್ಲ, ಕೆಲವು. ಬಹುತೇಕ ವಂಶವಾಹಿಗಳು ನಮ್ಮಲ್ಲಿ ಜೋಡಿಯಾಗಿವೆ, ತಂದೆಯದೊಂದು, ತಾಯಿಯದೊಂದು. ಒಂದು ಕೆಟ್ಟಿದ್ದರೂ ಎಷ್ಟೋ ವೇಳೆ ಇನ್ನೊಂದು ಕೆಲಸ ನಡೆಸುತ್ತದೆ, ಮನುಷ್ಯ ಗಟ್ಟಿಮುಟ್ಟಾಗಿ ನೂರು ವರ್ಷ ಬಾಳುತ್ತಾನೆ. ಬಟ್ಟೆ ಹರಿಯುವುದು ಹಾಸಿನಲ್ಲೂ ಹೊಕ್ಕಿನಲ್ಲೂ ಅದೇ ಸಡಿಲ ಎಳೆ ಬಂದಾಗ. ಅಜ್ಜನಲ್ಲಿ ಅಂಥದೊಂದು ಇತ್ತೆನ್ನಿ. ಮಗನ ಮಗನಿಗೆ ಅದು ಇಳಿಯುವ ಸಾಧ್ಯತೆ ನಾಲ್ಕರಲ್ಲಿ ಒಂದು, ಮಗಳ ಮಗಳಿಗೂ ಅಷ್ಟೇ. ಇಬ್ಬರಲ್ಲೂ ಇದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ತಗಲುವ ಸಾಧ್ಯತೆ ಮತ್ತೆ ನಾಲ್ಕರಲ್ಲಿ ಒಂದು. ಥಲಸ್ಸೀಮಿಯಾ ಹೀಗೆ ಬರುತ್ತದೆ. ಹುಟ್ಟುಕಿವುಡಿನ ಹಲವು ಬಗೆಗಳು ಹೀಗೆಯೇ ಬರುತ್ತವೆ.

ನಮ್ಮ ರೂಢಿ ಮಾಡುವ ಭೇದ ಈ ಎಳೆಗಳಿಗೆ ಗೊತ್ತಿಲ್ಲ. ಚಿಕ್ಕಪ್ಪನ ಮಗಳಾದರೂ ಮಾವನ ಮಗಳಾದರೂ ರಕ್ತದ ಲೆಕ್ಕ ಒಂದೇ. ಅಣ್ಣನ ಮಗಳಾದರೂ ಅಕ್ಕನ ಮಗಳಾದರೂ ಒಂದೇ, ಮಾವನ ಮಗಳಿಗಿಂತ ಎರಡು ಪಟ್ಟು ಹತ್ತಿರ. ಅಂಕಿಯನ್ನು ಹೆದರಿಸಲು ಬಳಸಬಾರದು, ಹಾಗೇ ಹೇಳಬೇಕು. ಸಾಮಾನ್ಯವಾಗಿ ನೂರು ಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ ಗಂಭೀರ ಹುಟ್ಟುತೊಂದರೆ ಇರುತ್ತದೆ. ತಂದೆತಾಯಿ ಮಾವನ, ಅತ್ತೆಯ ಮಕ್ಕಳಾಗಿದ್ದರೆ ಇನ್ನೂ ಎರಡು ಮೂರು ಸೇರುತ್ತವೆ. ಹೆಚ್ಚಿನ ಮಕ್ಕಳು ಚೆನ್ನಾಗಿಯೇ ಹುಟ್ಟುತ್ತಾರೆ. ‘ನಮ್ಮಲ್ಲಿ ಎಲ್ಲರೂ ಹೀಗೇ ಆದವರು, ಏನಾಯಿತು?’ ಎಂಬ ಆಯಿಯ ಮಾತು ಸುಳ್ಳಲ್ಲದಿರುವುದು ಅದಕ್ಕೇ. ಆದರೆ ಆ ಎರಡು ಮೂರು ಮಕ್ಕಳು ಯಾವುದೋ ಮನೆಯ ಮಕ್ಕಳು. ತಲೆಮಾರಿನ ಮೇಲೆ ತಲೆಮಾರು ಅದೇ ಮನೆಯೊಳಗೆ ಕೊಟ್ಟು ತಂದರೆ ಲೆಕ್ಕ ಇನ್ನೂ ಏರುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಕರ್ನಾಟಕದ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತ ಪರೀಕ್ಷಿಸಿದರು. ಆ ಮಕ್ಕಳ ಹೆತ್ತವರಲ್ಲಿ ಸುಮಾರು ಮೂರಕ್ಕೊಂದು ಜೋಡಿ ಸಂಬಂಧಿಕರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ ಪ್ರಮಾಣ ಶೇ. 27, ತೆಲಂಗಾಣದ್ದು ಶೇ. 18. ಹಾಗೆಂದು ಸಂಬಂಧ ಬಿಟ್ಟು ಹೊರಗೆ ತಂದವರೆಲ್ಲ ಪಾರಾದರೆಂದಲ್ಲ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಕೇಂದ್ರದ ಕೆ. ತಂಗರಾಜ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಕ್ಷಿಣ ಏಷ್ಯಾದ 263 ಸಮುದಾಯಗಳ ಪೈಕಿ 81ರಲ್ಲಿ, ಬಹಳ ಹಿಂದಿನ ಕೆಲವೇ ಪೂರ್ವಜರ ಎಳೆಗಳು ಎಲ್ಲರಲ್ಲೂ ಉಳಿದುಬಂದಿರುವುದು ಕಂಡಿತು. ಜಾತಿಯ ಒಳಗೇ ಹುಡುಕಿದ ‘ಹೊರಗಿನ’ ಹೆಣ್ಣೂ ಎಷ್ಟೋ ವೇಳೆ ದೂರದ ತಂಗಿಯೇ.

ಗಾದೆಯಲ್ಲಿ ನನಗೆ ನೋವು ತರುವ ಅಂಶವೊಂದಿದೆ. ಅದು ತಾಯಿಯನ್ನಷ್ಟೇ ಹೆಸರಿಸುತ್ತದೆ. ಮಗು ಕುಂದಿನೊಂದಿಗೆ ಹುಟ್ಟಿದಾಗ ಎಷ್ಟು ಮನೆಗಳಲ್ಲಿ ಬಾಣಂತಿಯ ಕಡೆಗೇ ಬೆರಳು ತಿರುಗಿಲ್ಲ! ಹಾಸಿಲ್ಲದೆ ಬರೀ ಹೊಕ್ಕಿನಿಂದ ಸೀರೆ ನೇಯಲಾಗದು. ಇಂಥ ರೋಗಕ್ಕೆ ಇಬ್ಬರ ಎಳೆಯೂ ಬೇಕು, ಇಬ್ಬರ ತಪ್ಪೂ ಅಲ್ಲ. ಈಗಾಗಲೇ ಮಾವನ ಮಗಳನ್ನು ಕೈಹಿಡಿದು ಬಾಳುತ್ತಿರುವ ಲಕ್ಷಾಂತರ ಜನ ಪಾಪ ಮಾಡಿದವರಲ್ಲ. ಅವರಿಗೆ ಬೇಕಾದದ್ದು ತಿಳಿವಳಿಕೆ, ಬಸುರಿನ ಹೊತ್ತಿನಲ್ಲಿ ಸರಿಯಾದ ತಪಾಸಣೆ.

ಇನ್ನೂ ಮಾತು ಮುಗಿಯದ ಮನೆಗಳಿಗೆ ನನ್ನ ಕೋರಿಕೆ ಇಷ್ಟು. ಆಯಂದಿರ ಆಸೆಯನ್ನು ಕಡೆಗಣಿಸಬೇಡಿ. ಮಗಳು ಗೊತ್ತಿರುವ ಮನೆ ಸೇರಿ ಕಣ್ಣೀರಿಡದೆ ಬಾಳಲಿ ಎಂಬ ಹಂಬಲ ಅದರೊಳಗಿದೆ. ಆದರೆ ಎಲೆಅಡಿಕೆ ಬದಲಾಗುವ ಮೊದಲು ಹುಡುಗ ಹುಡುಗಿಯ ಮನಸ್ಸು ಕೇಳಿ, ಮನೆತನದಲ್ಲಿ ಬೇಗ ತೀರಿಹೋದ ಕೂಸುಗಳ, ಮಾತು ಬಾರದ ಮಕ್ಕಳ ವಿಷಯವನ್ನು ನಾಚದೆ ಬರೆದಿಟ್ಟುಕೊಂಡು ತಳಿವೈದ್ಯರನ್ನು ಕಾಣಿರಿ. ಕೊಂಡಾಪುರದವರಿಗೆ ದಾರಿ ದೂರವಿಲ್ಲ. ರಾಯದುರ್ಗದಲ್ಲಿ ಮೆಟ್ರೊ ಹತ್ತಿ ಅಮೀರ್‌ಪೇಟೆಯಲ್ಲಿ ಗಾಡಿ ಬದಲಿಸಿದರೆ ಮುಂದಿನ ನಿಲ್ದಾಣ ಪಂಜಾಗುಟ್ಟ. ಅಲ್ಲಿನ ನಿಮ್ಸ್ ಆಸ್ಪತ್ರೆಯಲ್ಲಿ ಇದಕ್ಕೆಂದೇ ತಳಿವೈದ್ಯ ವಿಭಾಗವಿದೆ.