ಕಾಣದ್ದು ಯಾವಾಗ ಸಾಕ್ಷಿ?

ಚಾಮರಾಜಪೇಟೆಯ ಸಂಸ್ಕೃತ ಕಾಲೇಜಿನಲ್ಲಿ ತರ್ಕ ಓದಿದ್ದ ನಮ್ಮ ತಂದೆಗೆ ಒಂದು ಪ್ರಶ್ನೆ ಬಲು ಪ್ರಿಯ. ನೆಲದ ಮೇಲೆ ಗಡಿಗೆ ಇಲ್ಲವೆಂದು ನಿನಗೆ ಹೇಗೆ ಗೊತ್ತಾಯಿತು? ಕಣ್ಣಿಗೆ ಕಂಡಿದ್ದು ಬರೀ ನೆಲ. ಗಡಿಗೆ ಇಲ್ಲದಿರುವುದೂ ಪ್ರತ್ಯಕ್ಷವೇ ಎಂದರು ನೈಯಾಯಿಕರು. ಕುಮಾರಿಲ ಭಟ್ಟರ ಪಂಥದ ಮೀಮಾಂಸಕರೂ ಅದ್ವೈತಿಗಳೂ ಅದನ್ನು ಒಪ್ಪದೆ, ಅನುಪಲಬ್ಧಿ, ಅಂದರೆ ಕಾಣದಿರುವಿಕೆ, ಎಂಬ ಬೇರೆಯೇ ಪ್ರಮಾಣವನ್ನು, ಅರಿವಿನ ದಾರಿಯನ್ನು, ಹೇಳಿದರು. ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದ ನನಗೆ, ನಕ್ಷತ್ರಗಳ ಬಗ್ಗೆ ನಾವು ತಿಳಿದಿದ್ದರಲ್ಲಿ ಎಷ್ಟೋ ಭಾಗ ಈ ದಾರಿಯಲ್ಲೇ ಬಂದಿದೆ ಅನ್ನಿಸುತ್ತದೆ.

ಪ್ರಾಕ್ಟಿಕಲ್ ತರಗತಿಯಲ್ಲಿ ಸೋಡಿಯಂ ದೀಪವನ್ನು, ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಗ್ರೇಟಿಂಗ್ ಮೂಲಕ ನೋಡಿದರೆ ಒತ್ತೊತ್ತಾಗಿ ಎರಡು ಹಳದಿ ಗೆರೆ ಕಾಣುತ್ತವೆ: 589.0 ಮತ್ತು 589.6 ನ್ಯಾನೋಮೀಟರ್. ಅದೇ ಸ್ಪೆಕ್ಟ್ರೋಮೀಟರಿಗೆ ಬಿಸಿಲು ಬಿಟ್ಟು ಸೀಳನ್ನು ಕಿರಿದು ಮಾಡಿದರೆ, ಅದೇ ಜಾಗದಲ್ಲಿ ಎರಡು ಕಪ್ಪು ಗೆರೆ. ಜರ್ಮನಿಯ ವಿಜ್ಞಾನಿ ಫ್ರೌನ್‌ಹೋಫರ್ 1814ರಲ್ಲಿ ಸೂರ್ಯನ ಬೆಳಕಿನಲ್ಲಿ ಇಂಥ ನೂರಾರು ಗೆರೆಗಳನ್ನು ಕಂಡ. ನಕ್ಷತ್ರಗಳು ಯಾವುದರಿಂದ ಆಗಿವೆಯೆಂದು ಮನುಷ್ಯ ಎಂದೂ ಅರಿಯಲಾರ ಎಂದು 1835ರಲ್ಲಿ ಫ್ರೆಂಚ್ ತತ್ತ್ವಜ್ಞಾನಿ ಆಗಸ್ಟ್ ಕೋಂಟ್ ಬರೆದ. 1859ರಲ್ಲಿ ಭೌತವಿಜ್ಞಾನಿ ಕಿರ್ಖಾಫ್ ಗುಟ್ಟು ಬಿಡಿಸಿದ: ಸೂರ್ಯನ ಹೊರಪದರದ, ಒಳಗಿಗಿಂತ ತಣ್ಣಗಿರುವ ಅನಿಲದಲ್ಲಿನ ಸೋಡಿಯಂ ಆ ಬಣ್ಣವನ್ನು ನುಂಗುತ್ತದೆ. ನಮ್ಮವರೆಗೆ ಬಾರದೆ ಹೋದ ಬೆಳಕೇ ಅಲ್ಲಿ ಸೋಡಿಯಂ ಇದೆಯೆಂದು ಹೇಳಿತು.

ನಕ್ಷತ್ರದ ಅಗಲವನ್ನೂ ಹೀಗೆ ಕಾಣದ್ದರಿಂದಲೇ ಅಳೆದದ್ದುಂಟು. ರುದ್ರ ಅಧಿದೇವತೆಯಾಗಿರುವ ನಕ್ಷತ್ರ ಆರ್ದ್ರಾ, ಅಂದರೆ ಬೀಟಲ್‌ಜ್ಯೂಸ್. 1920ರ ಡಿಸೆಂಬರಿನಲ್ಲಿ ಅಮೆರಿಕದ ಮೌಂಟ್ ವಿಲ್ಸನ್‌ನಲ್ಲಿ ಭೌತವಿಜ್ಞಾನಿ ಮೈಕೆಲ್ಸನ್‌ನ ಉಪಾಯದಂತೆ ಖಗೋಳವಿಜ್ಞಾನಿಗಳಾದ ಪೀಸ್ ಮತ್ತು ಆ್ಯಂಡರ್ಸನ್ ಅದನ್ನು ಅಳೆದರು. 100 ಇಂಚಿನ ದೂರದರ್ಶಕದ ಮೇಲೆ 20 ಅಡಿಯ ತೊಲೆ ಕೂರಿಸಿ, ಅದರ ಮೇಲಿನ ಎರಡು ಕನ್ನಡಿಗಳಿಂದ ಬಂದ ಬೆಳಕನ್ನು ಒಂದೆಡೆ ಸೇರಿಸಿದರು. ಅಲೆಯ ಏರಿಗೆ ಏರು ಕೂಡಿದಲ್ಲಿ ಬೆಳಕಿನ ಪಟ್ಟೆ, ಏರಿಗೆ ಇಳಿತ ಕೂಡಿದಲ್ಲಿ ಕತ್ತಲ ಪಟ್ಟೆ. ನಕ್ಷತ್ರ ಬರೀ ಚುಕ್ಕೆಯಾಗಿದ್ದರೆ ಕನ್ನಡಿಗಳನ್ನು ದೂರ ಸರಿಸಿದರೂ ಪಟ್ಟೆ ಉಳಿಯಬೇಕು. ಅಗಲವಿದ್ದರೆ ಅದರ ಒಂದೊಂದು ಭಾಗದ ಪಟ್ಟೆಯೂ ಇನ್ನೊಂದರ ಮೇಲೆ ಬಿದ್ದು ಎಲ್ಲವೂ ಕಲಸಿಹೋಗುತ್ತವೆ. ಸುಮಾರು 10 ಅಡಿಯ ಅಂತರದಲ್ಲಿ ಆರ್ದ್ರೆಯ ಪಟ್ಟೆಗಳು ಮಾಯವಾದವು. ಆ ಅಂತರದಿಂದ ಲೆಕ್ಕ ಹಾಕಿದಾಗ ಸಿಕ್ಕಿದ ಕೋನವ್ಯಾಸ 0.047 ಆರ್ಕ್‌ಸೆಕೆಂಡ್.

ಆದರೆ ಗಾಳಿ ಕದಡಿದರೂ, ಕನ್ನಡಿ ಕೊಂಚ ಅಲುಗಿದರೂ ಪಟ್ಟೆ ಅಳಿಯಬಹುದು. ಅದಕ್ಕೇ ಅವರು ಅದೇ ಉಪಕರಣವನ್ನು ಬೇರೆ ನಕ್ಷತ್ರಗಳಿಗೂ ತಿರುಗಿಸಿ ನೋಡಿದ್ದರು, ಅಲ್ಲಿ ಪಟ್ಟೆಗಳಿದ್ದವು. ಮೀಮಾಂಸಕರ ಷರತ್ತೂ ಇದೇ. ಕತ್ತಲೆ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂದರೆ ಗಡಿಗೆ ಇಲ್ಲವೆಂದಾಗದು. ಇದ್ದಿದ್ದರೆ ಕಾಣಲೇಬೇಕಿತ್ತು ಎಂಬುದು ಮೊದಲು ಸಿದ್ಧವಾಗಬೇಕು. ಅದಕ್ಕೆ ಯೋಗ್ಯಾನುಪಲಬ್ಧಿ ಎನ್ನುತ್ತಾರೆ.

"ಅಷ್ಟು ದೊಡ್ಡ ಟೆಲಿಸ್ಕೋಪಿನಲ್ಲೂ ದೇವರು ಸಿಗಲಿಲ್ಲವಲ್ಲ ತಾತ?" ಎನ್ನುತ್ತಾಳೆ ಇದನ್ನೆಲ್ಲ ಕೇಳಿದ ಮೊಮ್ಮಗಳು. "ಇದ್ದಿದ್ದರೆ ಏನು ಕಾಣಬೇಕಿತ್ತು, ಹೇಳು ಪುಟ್ಟಿ" ಎಂದು ನಾನು ಕೇಳುತ್ತೇನೆ. ನನ್ನ ಈ ಪ್ರಶ್ನೆ ಆಸ್ತಿಕರ ಗೆಲುವೇನಲ್ಲ. ಇದ್ದರೂ ಇಲ್ಲದಿದ್ದರೂ ಲೋಕದಲ್ಲಿ ಯಾವ ವ್ಯತ್ಯಾಸವೂ ಕಾಣದಂಥ ದೇವರನ್ನು ಯಾರೂ ಅಲ್ಲಗಳೆಯಲಾರರು. ಹಾಗೆಯೇ ಆ ದೇವರನ್ನು ಯಾವುದಕ್ಕೂ ಸಾಕ್ಷಿಗೆ ಕರೆಯುವಂತೆಯೂ ಇಲ್ಲ. ಆದರೆ ಹರಕೆ ಹೊತ್ತರೆ ಜ್ವರ ಇಳಿದೇ ಇಳಿಯುತ್ತದೆ ಎಂದು ಯಾರಾದರೂ ಹೇಳಿದರೆ, ಏನು ಕಾಣಬೇಕೆಂದು ಅವರೇ ಗೊತ್ತುಮಾಡಿಕೊಟ್ಟಂತಾಯಿತು. ಜ್ವರ ಇಳಿಯದಿದ್ದಾಗ, ಹೇಳಿದ ಮಾತು ಸುಳ್ಳಾಯಿತೆಂದು ಒಪ್ಪುವ ಪ್ರಾಮಾಣಿಕತೆಯೂ ಅವರಿಗಿರಬೇಕು.