ಬೇಡವೆನ್ನಬಲ್ಲವರ ದಾನ

ದೇಸೂರಿನ ಸೀಮೆಯವರಿಗೆ ಕಸಿ ಎಂಬ ಮಾತು ಹೊಸದಲ್ಲ. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ದಾರಿಯಲ್ಲಿ ಮಾವಿನ ಗಿಡ ಇಟ್ಟವರೆಲ್ಲರೂ ಒಂದು ಗಿಡದ ಕುಡಿಯನ್ನು ಮತ್ತೊಂದರ ಬುಡಕ್ಕೆ ಸೇರಿಸಿ ಕಟ್ಟುವ ಕೆಲಸವನ್ನು ಬಲ್ಲರು. ಕುಡಿಯನ್ನು ಕೊಯ್ಯುವಾಗ ತಾಯಿಗಿಡದ ಅಪ್ಪಣೆಯನ್ನು ಯಾರೂ ಕೇಳುವದಿಲ್ಲ. ಯಾಕಂದರೆ ಗಿಡಕ್ಕೆ ಬಾಯಿಲ್ಲ. ಆದರೆ ಈ ಕಾಲದಲ್ಲಿ ವೈದ್ಯರು ಒಬ್ಬ ಮನುಷ್ಯನ ಮೂತ್ರಪಿಂಡವನ್ನು ತೆಗೆದು ಇನ್ನೊಬ್ಬನ ದೇಹಕ್ಕೆ ಕಸಿಮಾಡುತ್ತಾರೆ. ಇಲ್ಲಿ ಕೊಡುವವರಿಗೆ ಬಾಯಿ ಉಂಟು. ಆ ಬಾಯಿಂದ ಬರುವ ಹೌದೆಂಬ ಮಾತು ನಿಜವಾಗಿ ಅವರದೋ, ಇಲ್ಲವೆ ಮನೆಯವರು ಅವರ ಬಾಯಲ್ಲಿ ಇಟ್ಟದ್ದೋ? ಈ ಪ್ರಶ್ನೆಯನ್ನು ಪ್ರಿಯ ವಾಚಕರ ಮುಂದೆ ಇಡಬೇಕೆಂದು ನಮಗೆ ತೋಚಿತು.

ಮೊದಲು ಸಂಗತಿಯನ್ನು ತಿಳಿಯೋಣ. ಜನರು ಕಿಡ್ನಿ ಎಂದು ಕರೆಯುವ ಮೂತ್ರಪಿಂಡಗಳು ಬೆನ್ನಿನ ಎರಡೂ ಕಡೆಗೆ ಪಕ್ಕೆಲುಬುಗಳ ಅಡಿಯಲ್ಲಿ ಇರುವ, ಮುಷ್ಟಿಯಷ್ಟು ದೊಡ್ಡ ಎರಡು ಅವಯವಗಳು. ಹಗಲಿರುಳು ರಕ್ತವನ್ನು ಸೋಸುವದೇ ಅವುಗಳ ಕೆಲಸ. ದಿನವೊಂದಕ್ಕೆ ಸುಮಾರು ೧೮೦ ಲೀಟರ್ ದ್ರವವನ್ನು ಸೋಸಿ, ದೇಹಕ್ಕೆ ಬೇಕಾದದ್ದನ್ನು ಮರಳಿ ರಕ್ತಕ್ಕೆ ಒಪ್ಪಿಸಿ, ಒಂದೆರಡು ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಬಿಡುತ್ತವೆ. ಸಕ್ಕರೆ ಕಾಯಿಲೆ, ಹೆಚ್ಚಿದ ರಕ್ತದೊತ್ತಡ, ಕಲ್ಲಿನ ಬೇನೆ, ವೈದ್ಯರನ್ನು ಕೇಳದೆ ಬಹುಕಾಲ ನುಂಗಿದ ನೋವಿನ ಗುಳಿಗೆ, ಇವೇ ಮುಂತಾದವುಗಳಿಂದ ಅವು ಕೆಡುವವು. ಕೆಡುವಾಗ ಬಹಳ ದಿನಗಳ ವರೆಗೆ ಗೊತ್ತಾಗುವದಿಲ್ಲ. ಕಾಲು ಮುಖ ಬಾತು, ಊಟ ಸೇರದೆ, ಉಸಿರು ಕಟ್ಟುವ ಹೊತ್ತಿಗೆ ಕೆಲಸ ಕೈಮೀರಿರುತ್ತದೆ. ಆ ಮೇಲೆ ಉಳಿಯುವ ದಾರಿಗಳು ಎರಡು. ಒಂದು ಡಯಾಲಿಸಿಸ್, ಅಂದರೆ ಯಂತ್ರದಿಂದ ರಕ್ತವನ್ನು ಸೋಸುವದು. ಇದಕ್ಕೆ ವಾರದಲ್ಲಿ ಎರಡು ಮೂರು ದಿವಸ, ಪ್ರತಿ ಸಾರಿ ನಾಲ್ಕು ತಾಸು ಬೇಕು. ೨೦೧೬ರಲ್ಲಿ ಕೇಂದ್ರ ಸರಕಾರವು ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಇದನ್ನು ಪುಕ್ಕಟೆಯಾಗಿ ಮಾಡಿಸುವ ಯೋಜನೆಯನ್ನು ಸಾರಿತು. ಆದರೂ ಹೊಲದ ಕೆಲಸ ಬಿಟ್ಟು ಬರುವವನ ಕೂಲಿಯನ್ನು ಯಾರೂ ತುಂಬಿಕೊಡುವದಿಲ್ಲ. ಮತ್ತೊಂದು ದಾರಿಯೇ ಕಸಿ. ಎರಡು ಮೂತ್ರಪಿಂಡಗಳಲ್ಲಿ ಒಂದನ್ನು ಕೊಟ್ಟರೂ ಆರೋಗ್ಯವಂತನು ಬದುಕಬಲ್ಲನಾದ್ದರಿಂದ ಈ ದಾರಿ ತೆರೆಯಿತು.

ಇದು ತೆರೆದ ಕಥೆ ನಮ್ಮ ಪ್ರಶ್ನೆಗೆ ಬೆಳಕು ಕೊಡುತ್ತದೆ. ಅಮೇರಿಕದ ಬೋಸ್ಟನ್ ಪಟ್ಟಣದಲ್ಲಿ ರಿಚರ್ಡ್ ಹೆರಿಕ್ ಎಂಬ ೨೩ ವರುಷದ ಯೌವನಸ್ಥನು ಮೂತ್ರಪಿಂಡದ ರೋಗದಿಂದ ಸಾಯುತ್ತಿದ್ದನು. ಅವನ ಅವಳಿ ಸಹೋದರನಾದ ರೊನಾಲ್ಡನು ತನ್ನದೊಂದನ್ನು ಕೊಡಲು ಮುಂದೆ ಬಂದನು. ಅದುವರೆಗೆ ವೈದ್ಯರು ಶಸ್ತ್ರವನ್ನು ಹಿಡಿದದ್ದು ರೋಗಿಯ ಮೈಯನ್ನು ಗುಣಪಡಿಸುವದಕ್ಕೆ. ಬೇನೆಯೇ ಇಲ್ಲದವನ ಹೊಟ್ಟೆಯನ್ನು ಅವನ ಹಿತಕ್ಕಲ್ಲದೆ ಕೊಯ್ಯುವದು ನ್ಯಾಯವೋ? ವೈದ್ಯರು ಸಭಾಪಾಲಕರನ್ನೂ ನ್ಯಾಯಶಾಸ್ತ್ರಿಗಳನ್ನೂ ಕೇಳಿ ಆಲೋಚಿಸಿದರು. ಕೊಯ್ಯುವ ಹಿಂದಿನ ರಾತ್ರಿ ರಿಚರ್ಡನು ತಮ್ಮಿಬ್ಬರ ನಡುವೆ ಒಂದು ಚೀಟಿಯನ್ನು ಕಳುಹಿಸಿ, ನೀನು ಇಲ್ಲಿಂದ ಎದ್ದು ಮನೆಗೆ ಹೋಗು ಎಂದು ಹೇಳಿದನು. ರೊನಾಲ್ಡನು, ತಾನು ಇಲ್ಲಿಯೇ ಇರುವೆನೆಂದು ಮರಳಿ ಬರೆದನು. ೧೯೫೪ನೇ ಡಿಸೆಂಬರ ೨೩ರಂದು ಡಾಕ್ಟರ್ ಜೋಸೆಫ್ ಮರ್ರೆಯವರು ಕಸಿಯನ್ನು ಮಾಡಿದರು. ರಿಚರ್ಡನು ಎಂಟು ವರುಷ ಬದುಕಿ, ಮದುವೆಯಾಗಿ, ಎರಡು ಮಕ್ಕಳನ್ನು ಕಂಡನು. ಕೊಟ್ಟ ರೊನಾಲ್ಡನು ಒಂದೇ ಮೂತ್ರಪಿಂಡದಿಂದ ೨೦೧೦ರ ವರೆಗೆ ಬಾಳಿದನು.

ಆ ಚೀಟಿಯನ್ನು ನಾವು ಬಹಳ ಸಾರಿ ನೆನಸಿಕೊಂಡಿದ್ದೇವೆ. ಸಾಯುವವನೇ ಕೊಡುವವನಿಗೆ ಬಾಗಿಲನ್ನು ತೆರೆದು ಹೋಗೆಂದನು. ಬಾಗಿಲು ತೆರೆದಿದ್ದರೂ ಅವನು ಹೋಗಲಿಲ್ಲ. ಆದಕಾರಣ ಅದು ದಾನವಾಯಿತು.

ನಮ್ಮ ದೇಶದಲ್ಲಿ ಜೀವಂತ ದಾನಿಯಿಂದ ಪಡೆದ ಮೂತ್ರಪಿಂಡದ ಮೊದಲ ಯಶಸ್ವಿ ಕಸಿ ೧೯೭೧ರಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ನಡೆಯಿತು. ಐಡಾ ಸ್ಕಡರ್ ಅಮ್ಮನವರು ೧೯೦೦ರಲ್ಲಿ ಒಂದೇ ಹಾಸಿಗೆಯಿಂದ ಆರಂಭಿಸಿದ ದವಾಖಾನೆ ಅದು. ಈಗ ಬೆಳಗಾವಿಯಲ್ಲಿಯೂ ಕೆ.ಎಲ್.ಇ. ಸಂಸ್ಥೆಯ ಡಾಕ್ಟರ್ ಪ್ರಭಾಕರ ಕೋರೆ ಆಸ್ಪತ್ರೆಯಲ್ಲಿ ಕಸಿ ನಡೆಯುತ್ತದೆ. ಆದದ್ದರಿಂದ ಬೋಸ್ಟನ್ನಿನ ಪ್ರಶ್ನೆಯು ಈಗ ನಮ್ಮ ಹೊಸ್ತಿಲ ಮೇಲೆ ಬಂದು ನಿಂತಿದೆ.

ದೇಸೂರಿನಂಥ ಊರಿನಲ್ಲಿ ಒಂದು ಮನೆಯನ್ನು ಭಾವಿಸಿರಿ. ಮೂವತ್ತೈದು ವರುಷದ ಹಿರಿಯ ಮಗನು ಹಾಸಿಗೆ ಹಿಡಿದಿದ್ದಾನೆ. ಮನೆಯಲ್ಲಿ ವಿಧವೆಯಾದ ತಾಯಿ, ಅವನ ಹೆಂಡತಿ, ಇಬ್ಬರು ತಮ್ಮಂದಿರು. ಸಾಯಂಕಾಲ ಸೋದರಮಾವನೂ ನೆರೆಯವರೂ ಕೂಡುತ್ತಾರೆ. ತಮ್ಮಂದಿರು ದುಡಿಯುವವರು, ಅವರ ಮೈಗೆ ಕತ್ತಿ ತಾಗಬಾರದು ಎಂದು ಒಬ್ಬನು ಹೇಳುತ್ತಾನೆ. ಹೆತ್ತವಳು ಇರುವಾಗ ಬೇರೆಯವರೇಕೆ ಎಂದು ಇನ್ನೊಬ್ಬನು. ಅವ್ವನ ರಕ್ತ ಹೊಂದದಿದ್ದರೆ ಹೆಂಡತಿ ಉಂಟಲ್ಲಾ, ಗಂಡನಿಲ್ಲದೆ ಅವಳಿಗೇನಿದೆ ಎಂದು ಮತ್ತೊಬ್ಬನು. ಸೊಸೆಯು ಒಲೆಯ ಮುಂದೆ ಕೂತು ಎಲ್ಲವನ್ನೂ ಕೇಳುತ್ತಾಳೆ. ಬೆಳಗಾದ ಮೇಲೆ, ನೀನು ಒಪ್ಪುತ್ತೀಯಾ ತಂಗೀ ಎಂದು ಮಾವನು ಕೇಳುತ್ತಾನೆ. ಅವಳು ತಲೆ ಅಲ್ಲಾಡಿಸುತ್ತಾಳೆ. ಎಲ್ಲರೂ ಅವಳನ್ನು ಸತಿಯರಲ್ಲಿ ಶ್ರೇಷ್ಠಳೆಂದು ಹೊಗಳುತ್ತಾರೆ. ವಾಚಕರೇ, ಅವಳು ಒಪ್ಪಿದಳೋ? ನಮಗೆ ತಿಳಿಯದು. ಬೇಡವೆಂದಿದ್ದರೆ ಆ ಮನೆಯಲ್ಲಿ ಅವಳ ಗತಿ ಏನಾಗುತ್ತಿತ್ತೆಂಬದು ಮಾತ್ರ ಎಲ್ಲರಿಗೂ ತಿಳಿದಿದೆ.

ಇದು ಬರೇ ಕಲ್ಪನೆಯಲ್ಲ. ೧೯೯೫ರಿಂದ ೨೦೨೧ರ ವರೆಗೆ ನಮ್ಮ ದೇಶದಲ್ಲಿ ಲೆಕ್ಕಕ್ಕೆ ಬಂದ ೩೬,೬೪೦ ಅವಯವ ಕಸಿಗಳಲ್ಲಿ ೨೯,೬೯೫ ಗಂಡಸರಿಗೆ ಆದವು, ೬,೯೪೫ ಮಾತ್ರ ಹೆಂಗಸರಿಗೆ. ಜೀವಂತವಾಗಿ ಅವಯವವನ್ನು ಕೊಟ್ಟವರಲ್ಲಾದರೋ ಐವರಲ್ಲಿ ನಾಲ್ವರು ಹೆಂಗಸರು. ಇದೆಲ್ಲವೂ ಬಲವಂತದ ಫಲವೆಂದು ನಾವು ಹೇಳುವದಿಲ್ಲ. ಮಗನಿಗಾಗಿ ಎರಡನ್ನೂ ಕೊಡಲು ಸಿದ್ಧಳಾದ ತಾಯಿ ನಮ್ಮ ಕೇರಿಯಲ್ಲಿಯೂ ಇದ್ದಾಳು. ಆದರೆ ಪ್ರೀತಿಯು ಹೆಂಗಸರಲ್ಲಿ ಮಾತ್ರ ಹುಟ್ಟಿತೆಂದು ನಂಬಲಾಗದು. ಕೇಳುವ ಕಣ್ಣುಗಳು ಮೊದಲು ಯಾರ ಕಡೆಗೆ ತಿರುಗುತ್ತವೆಂಬದನ್ನು ಈ ಲೆಕ್ಕವು ತೋರಿಸುತ್ತದೆ.

ಕೊಡುವವರಿಗೆ ಅಪಾಯವೇ ಇಲ್ಲವೆಂದು ಕೆಲವರು ಧೈರ್ಯ ಹೇಳುವರು. ಅದೂ ಪೂರ್ಣ ಸತ್ಯವಲ್ಲ. ಅಮೇರಿಕದ ದಾನಿಗಳ ಲೆಕ್ಕದ ಪ್ರಕಾರ ಹತ್ತು ಸಾವಿರ ದಾನಿಗಳಲ್ಲಿ ಸುಮಾರು ಮೂವರು ಶಸ್ತ್ರಕ್ರಿಯೆಯ ನಿಮಿತ್ತವಾಗಿ ತೀರಿಹೋಗುತ್ತಾರೆ. ಇದು ಬಹಳ ಚಿಕ್ಕ ಅಪಾಯ, ಆದರೂ ಇಲ್ಲವೆನ್ನುವಂತಿಲ್ಲ. ಕೆನಡಾ ದೇಶದಲ್ಲಿ ೨೦೧೫ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಮೂತ್ರಪಿಂಡ ಕೊಟ್ಟ ಮೇಲೆ ಗರ್ಭಿಣಿಯರಾದವರಲ್ಲಿ ನೂರಕ್ಕೆ ಹನ್ನೊಂದು ಬಸಿರುಗಳಲ್ಲಿ ರಕ್ತದೊತ್ತಡದ ತೊಂದರೆ ಕಂಡುಬಂತೆಂದೂ, ಕೊಡದವರಲ್ಲಿ ನೂರಕ್ಕೆ ಐದರಲ್ಲಿ ಮಾತ್ರವೆಂದೂ ತಿಳಿಸಿತು. ಒಲೆಯ ಮುಂದೆ ಕೂತ ಸೊಸೆಗೆ ಈ ಮಾತನ್ನು ಯಾರಾದರೂ ಹೇಳಿದರೋ? ತಿಳಿಯದೆ ಕೊಟ್ಟ ಒಪ್ಪಿಗೆಯು ಓದದೆ ಒತ್ತಿದ ಹೆಬ್ಬೆಟ್ಟಿನಂತೆ.

ಮನೆಯ ಬಲವಂತಕ್ಕೆ ಅಕ್ಕನಾದದ್ದು ಬಡತನದ ಬಲವಂತ. ಚೆನ್ನೈ ಪಟ್ಟಣದಲ್ಲಿ ತಮ್ಮ ಮೂತ್ರಪಿಂಡವನ್ನು ಮಾರಿಕೊಂಡ ೩೦೫ ಜನರನ್ನು ಸಂಶೋಧಕರು ವಿಚಾರಿಸಿ ೨೦೦೨ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ನೂರಕ್ಕೆ ತೊಂಬತ್ತಾರು ಜನರು ಸಾಲ ತೀರಿಸಲಿಕ್ಕೆ ಮಾರಿದ್ದರು. ಮಾರಿ ಸರಾಸರಿ ಆರು ವರುಷಗಳಾದ ಮೇಲೆ ಕೇಳಲಾಗಿ, ಸಾಲಕ್ಕಾಗಿ ಮಾರಿದವರಲ್ಲಿ ಮುಕ್ಕಾಲು ಪಾಲು ಜನರ ಮೇಲೆ ಇನ್ನೂ ಸಾಲವಿತ್ತು; ಮನೆಯ ವರಮಾನ ಮೂರರಲ್ಲಿ ಒಂದು ಪಾಲು ಇಳಿದಿತ್ತು; ನೂರಕ್ಕೆ ಎಂಬತ್ತಾರು ಜನರು ಆರೋಗ್ಯ ಕೆಟ್ಟಿತೆಂದರು; ನೂರಕ್ಕೆ ಎಪ್ಪತ್ತೊಂಬತ್ತು ಜನರು, ಬೇರೆಯವರಿಗೆ ನಾವು ಇದನ್ನು ಮಾಡಿರೆಂದು ಹೇಳುವದಿಲ್ಲ ಎಂದರು. ಆ ಮಾರಿಕೊಂಡವರಲ್ಲಿಯೂ ಹೆಚ್ಚಿನವರು ಹೆಂಗಸರೇ. ಅವರೆಲ್ಲರೂ ಹೌದೆಂದೇ ಹೇಳಿದ್ದರು. ಹಸಿವೆಯ ಮುಂದೆ ಹೇಳಿದ ಹೌದಿಗೆ ಎಷ್ಟು ಬೆಲೆ ಎಂಬದನ್ನು ಈ ಲೆಕ್ಕದಿಂದ ತಿಳಿಯಿರಿ.

ನಮ್ಮ ದೇಶದ ಕಾಯಿದೆಯು ಇದನ್ನು ಕಂಡುಕೊಂಡಿದೆ. ೧೯೯೪ರ ಕಾಯಿದೆಯು ಅವಯವಗಳ ಮಾರಾಟವನ್ನು ಅಪರಾಧವೆಂದು ನಿಷೇಧಿಸಿತು. ೨೦೧೧ರ ತಿದ್ದುಪಡಿಯು ಅದಕ್ಕೆ ಐದರಿಂದ ಹತ್ತು ವರುಷಗಳ ಸೆರೆಮನೆಯನ್ನು ವಿಧಿಸಿತು. ೨೦೧೪ರ ನಿಯಮಗಳಲ್ಲಿ ಇನ್ನೊಂದು ವಿಶೇಷವುಂಟು: ಕೊಡುವವಳು ಹೆಂಗಸಾಗಿದ್ದರೆ ಹೆಚ್ಚಿನ ಎಚ್ಚರಿಕೆ ಬೇಕೆಂದೂ, ಅವಳ ಒಪ್ಪಿಗೆ ಸ್ವತಂತ್ರವಾದದ್ದೆಂದು ಪಡೆಯುವವನಲ್ಲದ ಬೇರೊಬ್ಬರು ದೃಢಪಡಿಸಬೇಕೆಂದೂ ಬರೆದಿದೆ. ಆದರೆ ಕಾಯಿದೆಯು ಆಸ್ಪತ್ರೆಯ ಬಾಗಿಲ ವರೆಗೆ ಮಾತ್ರ ಬರಬಲ್ಲದು; ಅಡಿಗೆಮನೆಯೊಳಗೆ ಬರಲಾರದು. ಅಲ್ಲಿ ನಮ್ಮ ಮನಸ್ಸಾಕ್ಷಿಯೇ ಹೋಗಬೇಕು.

ಇಲ್ಲಿ ಕೆಲವರು ಕೇಳುವರು: ಪ್ರೀತಿಸುವದು ನಮ್ಮ ಕರ್ತವ್ಯವಲ್ಲವೋ? ಕರ್ತವ್ಯವಾದ ಮೇಲೆ ಬೇಡವೆನ್ನುವ ಹಕ್ಕು ಎಲ್ಲಿಯದು? ನಮ್ಮ ಉತ್ತರವೇನಂದರೆ, ತನ್ನ ದೇಹವನ್ನು ಕೊಡುವದು ತನ್ನ ಕರ್ತವ್ಯವೆಂದು ಒಬ್ಬನು ತನ್ನ ವಿಷಯದಲ್ಲಿ ಹೇಳಿಕೊಳ್ಳಬಹುದು. ಮತ್ತೊಬ್ಬರ ದೇಹದ ವಿಷಯದಲ್ಲಿ ಹೇಳಲಾರನು. ಇನ್ನೊಬ್ಬರ ಹೆಗಲ ಮೇಲೆ ಹೊರಿಸಿದ ಶಿಲುಬೆಯು ಹೊರಿಸಿದವನಿಗೆ ಪುಣ್ಯವಾಗದು. ಬೇರೆ ಕೆಲವರು, ಅವಳು ಕೊಡದಿದ್ದರೆ ಅವನು ಸಾಯುವನಲ್ಲಾ ಎನ್ನುವರು. ಇದು ಭಾರವಾದ ಮಾತು. ಇದನ್ನು ತೇಲಿಸಿ ನುಡಿಯಲು ನಮಗೆ ಮನಸ್ಸಿಲ್ಲ. ಡಯಾಲಿಸಿಸ್ ಕೆಲವರನ್ನು ಬಹಳ ಕಾಲ ಉಳಿಸುತ್ತದೆ; ಎಲ್ಲರನ್ನೂ ಉಳಿಸುವದಿಲ್ಲ. ಅವನು ಸಾಯಲೂಬಹುದು. ಆದರೂ ಅವನನ್ನು ಕೊಂದದ್ದು ರೋಗ, ಕೊಡದವಳು ಕೊಂದವಳಲ್ಲ. ಈ ಭೇದವನ್ನು ಊರು ಮರೆತರೆ ಸತ್ತವನೊಂದಿಗೆ ಬದುಕಿರುವವಳನ್ನೂ ಹೂಳಿದ ಹಾಗಾಗುವದು.

ವೈದ್ಯರ ನಡತೆಯಲ್ಲಿ ಇನ್ನೊಂದು ಸೂಕ್ಷ್ಮ ಪ್ರಶ್ನೆಯುಂಟು. ಒಳ್ಳೆಯ ವೈದ್ಯರು ಕೊಡುವವರನ್ನು ಏಕಾಂತದಲ್ಲಿ ಕರೆದು ಮಾತಾಡುತ್ತಾರೆ. ಆಗ ಒಬ್ಬಳು, ನನಗೆ ಮನಸ್ಸಿಲ್ಲ, ಆದರೆ ಮನೆಯವರಿಗೆ ಹೇಳಲಾರೆ ಎಂದು ಅತ್ತರೆ, ಇವಳು ದಾನಕ್ಕೆ ತಕ್ಕವಳಲ್ಲವೆಂದು ಮಾತ್ರ ವೈದ್ಯರು ಮನೆಯವರಿಗೆ ತಿಳಿಸಿ ಕಾರಣವನ್ನು ಮುಚ್ಚಿಡುವದುಂಟು. ಇದು ಸುಳ್ಳಲ್ಲವೋ? ಸುಳ್ಳಿನ ವಿಷಯದಲ್ಲಿ ನಮ್ಮ ಜನರು ಎಚ್ಚರವುಳ್ಳವರು. ಆದಕಾರಣ ವಿಚಾರಿಸಿ ಹೇಳುತ್ತೇವೆ. ವೈದ್ಯನು ಇಲ್ಲದ ರೋಗವನ್ನು ಅವಳ ಮೇಲೆ ಹೊರಿಸಿದರೆ ಅದು ಸುಳ್ಳು. ಆ ಸುಳ್ಳು ಅವಳನ್ನು ಜೀವಮಾನವೆಲ್ಲಾ ಹಿಂಬಾಲಿಸುವದು. ಆದರೆ ಮನಸ್ಸಿಲ್ಲದವಳು ದಾನಕ್ಕೆ ತಕ್ಕವಳಲ್ಲವೆಂಬದು ನಿಜವೇ. ದಾನಕ್ಕೆ ಮೊದಲು ಬೇಕಾದದ್ದು ರಕ್ತದ ಹೊಂದಿಕೆಯಲ್ಲ, ಮನಸ್ಸು. ಗುಟ್ಟನ್ನು ಕಾಯುವದು ವೈದ್ಯನ ಧರ್ಮ. ಕೆದಕಿ ಕೇಳದಿರುವದು ನಮ್ಮ ಧರ್ಮ.

ಜೀವಂತರ ಮೇಲಿನ ಈ ಭಾರವನ್ನು ಹಗುರ ಮಾಡುವ ದಾರಿಯೊಂದು ಉಂಟು; ಅದು ಸತ್ತವರ ದಾನ. ಅಪಘಾತದಲ್ಲಿ ಮೆದುಳು ಪೂರಾ ಸತ್ತು ಯಂತ್ರದಿಂದ ಉಸಿರಾಡುವವನನ್ನು ನಾಲ್ವರು ವೈದ್ಯರು ಕಡಿಮೆಯೆಂದರೂ ಆರು ತಾಸುಗಳ ಅಂತರದಲ್ಲಿ ಎರಡು ಸಾರಿ ಪರೀಕ್ಷಿಸಿ, ಸತ್ತನೆಂದು ಬರೆದುಕೊಟ್ಟ ಮೇಲೆ, ಮನೆಯವರು ಒಪ್ಪಿದರೆ ಅವನ ಎರಡು ಮೂತ್ರಪಿಂಡಗಳು ಇಬ್ಬರನ್ನು ಉಳಿಸಬಲ್ಲವು. ನಮ್ಮ ರಾಜ್ಯದಲ್ಲಿ ಜೀವಸಾರ್ಥಕತೆ ಎಂಬ ಸಂಸ್ಥೆಯು ಈ ಕೆಲಸವನ್ನು ನೋಡಿಕೊಳ್ಳುತ್ತದೆ. ನಮ್ಮವರಲ್ಲಿ ಕೆಲವರಿಗೆ ಒಂದು ಭಯವಿದೆ: ಮಣ್ಣಿಗೆ ಕೊಡುವ ದೇಹವು ಪೂರ್ಣವಾಗಿರಬೇಕಲ್ಲವೋ, ಕಡೇ ದಿನದಲ್ಲಿ ಕುಂದುಳ್ಳವರಾಗಿ ಏಳಬೇಕಾದೀತೋ? ಹೊಳೆಯ ಪಾಲಾದವರನ್ನೂ, ಬೆಂಕಿಯಲ್ಲಿ ಬೆಂದವರನ್ನೂ, ಕುಷ್ಠದಿಂದ ಬೆರಳು ಕಳೆದುಕೊಂಡು ಸತ್ತವರನ್ನೂ ಕುರಿತು ನಾವು ಎಂದೂ ಹಾಗೆ ಭಯಪಟ್ಟಿಲ್ಲ. ಅವರಿಗಾಗಿ ಇರುವ ನಿರೀಕ್ಷೆಯು ಕೊಟ್ಟು ಸತ್ತವರಿಗೆ ಇಲ್ಲದೆ ಹೋಗುವದೇ? ಆದರೆ ಈ ಒಪ್ಪಿಗೆಯನ್ನು ದುಃಖದ ಗಳಿಗೆಯಲ್ಲಿ ಹುಡುಕುವದು ಕಠಿಣ. ಬದುಕಿರುವಾಗಲೇ ತನ್ನ ಇಷ್ಟವನ್ನು ಮನೆಯವರಿಗೆ ಹೇಳಿಟ್ಟವನು ಅವರ ಹೊರೆಯನ್ನು ಇಳಿಸಿದವನು.

ಹಾಗಾದರೆ ನಾವು ಮಾಡತಕ್ಕದ್ದೇನು? ಮೊದಲನೆಯದಾಗಿ, ಕೇಳುವ ಹೊತ್ತೇ ಬಾರದ ಹಾಗೆ ನೋಡಿಕೊಳ್ಳೋಣ. ಮೂವತ್ತು ದಾಟಿದವರು ವರುಷಕ್ಕೊಮ್ಮೆ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಪರೀಕ್ಷೆ ಮಾಡಿಸಲಿ; ಬೆನ್ನುನೋವಿಗೆ ಅಂಗಡಿಯ ಗುಳಿಗೆಯನ್ನು ದಿನದಿನವೂ ನುಂಗದಿರಲಿ. ಎರಡನೆಯದಾಗಿ, ರೋಗ ಬಂದ ಮನೆಯಲ್ಲಿ ತಾಯಿ ಹೆಂಡತಿಯರ ಕಡೆಗೆ ತಿರುಗುವ ಮೊದಲು ಗಂಡಸರು ತಮ್ಮ ರಕ್ತವನ್ನು ಪರೀಕ್ಷೆಗೆ ಕೊಡಲಿ. ಮೂರನೆಯದಾಗಿ, ಕೊಡುವವರಿಗೆ ಅಪಾಯವನ್ನೂ ಹಿತವನ್ನೂ ಅವರ ಮಾತಿನಲ್ಲಿ, ಮರಾಠಿಯಾಗಲಿ ಕನ್ನಡವಾಗಲಿ, ವೈದ್ಯರು ಬಿಡಿಸಿ ಹೇಳುವಂತೆ ಹಿರಿಯರು ನೋಡಲಿ. ಕಡೆಯದಾಗಿ, ಒಬ್ಬಳು ಬೇಡವೆಂದರೆ ಅವಳ ಮನೆಯ ನೀರನ್ನು ಸಭೆಯವರು ಮೊದಲಿನಂತೆಯೇ ಕುಡಿಯಲಿ; ಬಾವಿಯ ಕಟ್ಟೆಯಲ್ಲಿ ಅವಳ ಹೆಸರು ಆಡದಿರಲಿ.

ಇಷ್ಟೆಲ್ಲಾ ಆದ ಮೇಲೆಯೂ ಕೊಡುವವರು ಇರುವರು. ಆಗ ಪಡೆದವನು ಯಾವ ಸಂಶಯವೂ ಇಲ್ಲದೆ ಅವಳ ಮುಖವನ್ನು ನೋಡಬಲ್ಲನು. ರೋಗಿಯು ಮಲಗಿದ ಕೋಣೆಯಿಂದ, ನಿನಗೆ ಮನಸ್ಸಿಲ್ಲದಿದ್ದರೆ ಬೇಡ, ನಾನು ಸಿಟ್ಟಾಗುವದಿಲ್ಲ ಎಂಬ ಮಾತು ಮೊದಲು ಬರಲಿ. ಆ ಮಾತನ್ನು ಆಡಲು ರಿಚರ್ಡನಿಗೆ ಒಂದು ಚೂರು ಕಾಗದ ಸಾಕಾಯಿತು.