ತಾನಾಗಿ ಹೊತ್ತ ಹೊರೆ

ಬೇರೆಯವರು ಹೇಳಿ ಮಾಡಿಸಿದ ಕೆಲಸವು ಕೆಟ್ಟರೆ ದೂರುವುದಕ್ಕೆ ಒಬ್ಬರಾದರೂ ಇರುತ್ತಾರೆ. ಯಾರೂ ಬೇಡದೆ, ಕೂಲಿಯನ್ನು ಬಯಸದೆ, ಕೇವಲ ತನ್ನ ಒಲವಿನಿಂದ ಕೈಕೊಂಡ ಕೆಲಸವು ಎಣಿಸಿದ ಎತ್ತರವನ್ನು ಮುಟ್ಟದೆ ಹೋದಾಗ ಮನುಷ್ಯನು ಯಾರ ಮುಂದೆ ನ್ಯಾಯ ಹೇಳಿಕೊಳ್ಳಬೇಕು? ಅಂಥ ಕೆಲಸದಲ್ಲಿ ಹೊಲದ ಒಡೆಯನೂ ತಾನೇ, ಆಳೂ ತಾನೇ, ಲೆಕ್ಕ ಬರೆಯುವ ಶಾನುಭೋಗನೂ ತಾನೇ. ಸುಳ್ಳು ಲೆಕ್ಕಕ್ಕೆ ಇದಕ್ಕಿಂತ ಅನುಕೂಲವಾದ ಸಂದರ್ಭವಿಲ್ಲ. ಕೆಲವರು ಆ ಕೃತಿಯನ್ನು ಪೆಟ್ಟಿಗೆಯ ತಳಕ್ಕೆ ಸೇರಿಸಿ, ಅದು ಹರೆಯದ ಹುಚ್ಚೆಂದು ನಕ್ಕುಬಿಡುತ್ತಾರೆ. ಕೆಲವರು ಅದಕ್ಕೆ ತೇಪೆ ಹಾಕಿ, ತಾವು ಮೊದಲಿನಿಂದಲೂ ಉದ್ದೇಶಿಸಿದ್ದುದು ಇಷ್ಟನ್ನೇ ಎನ್ನುತ್ತಾರೆ. ಎರಡೂ ಸ್ವಾಭಾವಿಕವೇ ಸರಿ. ಪ್ರಾಮಾಣಿಕವೇ ಎಂಬುದು ಬೇರೆಯ ಪ್ರಶ್ನೆ; ಅದನ್ನು ವಿಚಾರಿಸುವುದಕ್ಕೆ ಜ್ಯೋತಿರ್ವಿಜ್ಞಾನಿಯಾದ ಕೆಪ್ಲರನ ಮೊದಲ ಗ್ರಂಥದ ಕಥೆಯು ತಕ್ಕುದಾಗಿದೆ.

ಯೋಹಾನೆಸ್ ಕೆಪ್ಲರನು 1594ರಲ್ಲಿ ಆಸ್ಟ್ರಿಯದ ಗ್ರಾಟ್ಸ್ ಪಟ್ಟಣಕ್ಕೆ ಗಣಿತದ ಉಪಾಧ್ಯಾಯನಾಗಿ ಬಂದನು. ಮರುವರ್ಷ ಜುಲೈ ತಿಂಗಳಲ್ಲಿ, ಗುರು ಶನಿಗಳ ಯುತಿಗಳನ್ನು ಶಿಷ್ಯರಿಗೆ ಚಿತ್ರ ಬರೆದು ತೋರಿಸುತ್ತಿದ್ದಾಗ, ತ್ರಿಕೋಣವೊಂದರ ಹೊರವೃತ್ತಕ್ಕೂ ಒಳವೃತ್ತಕ್ಕೂ ಇರುವ ಪ್ರಮಾಣವು ಆ ಎರಡು ಗ್ರಹಗಳ ಕಕ್ಷೆಗಳ ಪ್ರಮಾಣವನ್ನು ಹೋಲುವುದೆಂದು ಅವನಿಗೆ ಹೊಳೆಯಿತು. ಆಗ ತಿಳಿದಿದ್ದ ಗ್ರಹಗಳು ಭೂಮಿಯೂ ಸೇರಿ ಆರು. ಅವುಗಳ ನಡುವಣ ಅಂತರಗಳು ಐದು. ಸಮಭುಜ ಸಮಕೋಣಗಳ ಒಂದೇ ಬಗೆಯ ಮುಖಗಳಿಂದ ಕೂಡಿದ ಘನಾಕೃತಿಗಳು ಐದೇ ಎಂಬುದು ಗ್ರೀಕರ ಕಾಲದಿಂದ ಸಿದ್ಧವಾದ ಮಾತು. ಈ ಐದು ಆ ಐದಕ್ಕೆ ಹೊಂದಿದರೆ ಸೃಷ್ಟಿಕರ್ತನ ನಕ್ಷೆಯೇ ಕೈಗೆ ಸಿಕ್ಕಿದಂತಲ್ಲವೆ! ಶನಿ ಗುರುಗಳ ನಡುವೆ ಆರು ಮುಖಗಳದು, ಗುರು ಕುಜರ ನಡುವೆ ನಾಲ್ಕು ಮುಖಗಳದು, ಕುಜ ಭೂಮಿಗಳ ನಡುವೆ ಹನ್ನೆರಡು, ಭೂಮಿ ಶುಕ್ರರ ನಡುವೆ ಇಪ್ಪತ್ತು, ಶುಕ್ರ ಬುಧರ ನಡುವೆ ಎಂಟು. ಹೀಗೆ ಡಬ್ಬಿಯೊಳಗೆ ಡಬ್ಬಿಯನ್ನಿಟ್ಟಂತೆ ಅವನು ವಿಶ್ವವನ್ನು ಜೋಡಿಸಿದನು. ‘ವಿಶ್ವರಚನೆಯ ರಹಸ್ಯ’ ಎಂಬ ಅರ್ಥದ ಹೆಸರಿನಿಂದ 1596ರಲ್ಲಿ ಗ್ರಂಥವು ಅಚ್ಚಾಯಿತು. ಇದೇ ರೂಪದ ಬೆಳ್ಳಿಯ ಪಾನಪಾತ್ರೆಯೊಂದನ್ನು ವುರ್ಟೆಂಬರ್ಗಿನ ಪ್ರಭುವಿಗಾಗಿ ಮಾಡಿಸಬೇಕೆಂದೂ ಅವನು ಹೊರಟನು. ಆ ಪಾತ್ರೆಯು ಸಿದ್ಧವಾಗಲಿಲ್ಲ.

ಅಂಕಿಗಳೂ ಹತ್ತಿರಕ್ಕೆ ಬಂದವಲ್ಲದೆ ಕೂಡಲಿಲ್ಲ. ಅವನು ಮೊದಲು ಶಂಕಿಸಿದುದು ತನ್ನ ಘನಗಳನ್ನಲ್ಲ, ಕೊಪರ್ನಿಕಸನ ಅಂಕಿಗಳನ್ನು; ಹೆತ್ತವರಿಗೆ ಹೆಗ್ಗಣ ಮುದ್ದೆಂಬ ಗಾದೆಯು ವಿದ್ವಾಂಸರಿಗೂ ಸಲ್ಲುತ್ತದೆ. ಆದರೆ ಅವನು ಶಂಕೆಯಲ್ಲಿಯೇ ಕುಳಿತಿರಲಿಲ್ಲ. ಹೆಚ್ಚು ನಿಖರವಾದ ವೀಕ್ಷಣೆಗಳಿದ್ದುದು ಟೈಕೋ ಬ್ರಾಹೆಯ ಬಳಿ. 1600ರಲ್ಲಿ ಕೆಪ್ಲರನು ಅವನನ್ನು ಅರಸಿಕೊಂಡು ಹೋದನು. ತನ್ನ ಒಲವಿನ ಕೃತಿಯನ್ನು ಮುರಿಯಬಲ್ಲ ಸಾಕ್ಷಿಯನ್ನು ತಾನೇ ಕರೆತರುವುದು ಎಲ್ಲರಿಂದಾಗುವ ಕೆಲಸವಲ್ಲ. ಮುಂದೆ ಕುಜಗ್ರಹಕ್ಕಾಗಿ ಅವನು ವೃತ್ತವನ್ನು ಆಧರಿಸಿ ಕಟ್ಟಿದ ಗಣನೆಯೊಂದು ಟೈಕೋವಿನ ವೀಕ್ಷಣೆಗಿಂತ ಎಂಟು ಕಲೆಗಳಷ್ಟು ತಪ್ಪಿತು. ಎಂಟು ಕಲೆಯೆಂದರೆ ಚಂದ್ರಬಿಂಬದ ಅಗಲದಲ್ಲಿ ಸುಮಾರು ಕಾಲುಭಾಗ. ಅದನ್ನೂ ಅವನು ಕಡೆಗಣಿಸಲೊಲ್ಲದೆ ಗಣನೆಯನ್ನೇ ಕೈಬಿಟ್ಟನು. 1609ರಲ್ಲಿ ದೀರ್ಘವೃತ್ತದ ಕಕ್ಷೆಯನ್ನು ಪ್ರಕಟಿಸಿದನು. ಐದು ಘನಗಳಿಂದಲೇ ಗ್ರಹಗಳ ದೂರಗಳು ನಿಖರವಾಗಿ ಸಿದ್ಧಿಸವೆಂದು 1619ರ ಗ್ರಂಥದಲ್ಲಿ ತಾನೇ ಒಪ್ಪಿಕೊಂಡನು.

ಇಲ್ಲಿ ಒಂದು ಸುಲಭವಾದ ಸಮಾಧಾನವು ಬಾಯಿಗೆ ಬರುತ್ತದೆ: ಘನಗಳು ಹೋದರೇನು, ದೀರ್ಘವೃತ್ತ ದೊರೆಯಿತಲ್ಲ! ಇದು ಲೋಕದ ಲಾಭವೇ ಹೊರತು ಆ ಯುವಕನ ನಷ್ಟಕ್ಕೆ ಪರಿಹಾರವಲ್ಲ. ಅವನು ಬಯಸಿದುದು ದೀರ್ಘವೃತ್ತವನ್ನಲ್ಲ. ಮಾವಿನ ಸಸಿಯನ್ನು ನೆಟ್ಟವನಿಗೆ ಹಲಸು ಫಲಿಸಿದರೆ ಹಸಿವು ತೀರೀತು, ಆದರೆ ಅವನು ಮಾವನ್ನು ಬೆಳೆದನೆಂದು ಹೇಳಲಾಗದು.

1621ರಲ್ಲಿ ಆ ಮೊದಲ ಗ್ರಂಥವು ಮತ್ತೆ ಅಚ್ಚಾಯಿತು. ಅಷ್ಟರಲ್ಲಿ ಕರ್ತೃವಿಗೆ ನಲವತ್ತೊಂಬತ್ತು ವರ್ಷ, ಹೆಸರು ಬಂದಿತ್ತು. ತಿದ್ದಿ ಬರೆಯಬಹುದಾಗಿತ್ತು, ಮರೆಯಲೂಬಹುದಾಗಿತ್ತು. ಅವನು ಹಳೆಯ ಪಾಠವನ್ನು ಹಾಗೆಯೇ ಉಳಿಸಿ, ಟಿಪ್ಪಣಿಗಳನ್ನು ಸೇರಿಸಿದನು: ಇಲ್ಲಿ ಎಡವಿದೆನು, ಇಲ್ಲಿ ಊಹೆಯನ್ನು ಪ್ರಮಾಣವೆಂದು ಬಗೆದೆನು ಎಂಬ ಬಗೆಯವು. ಕೀರ್ತಿವಂತನಿಗೆ ತಪ್ಪೊಪ್ಪುವುದು ಸುಲಭವೆಂದು ಯಾರಾದರೂ ಆಕ್ಷೇಪಿಸಬಹುದು. ಯಾವ ದೀರ್ಘವೃತ್ತವನ್ನೂ ಕಾಣದೆ ಸೋತವನ ಗತಿಯೇನು? ಆಕ್ಷೇಪವು ನ್ಯಾಯವಾದುದೇ. ಅಂಥವನ ಟಿಪ್ಪಣಿಗಳನ್ನು ಯಾರೂ ಅಚ್ಚುಹಾಕಿಸರು. ಆದರೆ ಬರೆಯುವ ಕೈಗೆ ಕಷ್ಟವು ಇಬ್ಬರಲ್ಲಿಯೂ ಒಂದೇ. ಹಳೆಯ ಆಸೆಯನ್ನು ಅಳಿಸದೆ ಅದರ ಪಕ್ಕದಲ್ಲಿ ಬಂದ ಫಲವನ್ನು ಬರೆಯಬೇಕಾಗುತ್ತದೆ.

ವಿಚಿತ್ರವೆಂದರೆ, ಇಷ್ಟೆಲ್ಲವನ್ನೂ ಒಪ್ಪಿಕೊಂಡ ಮೇಲೆಯೂ ಕೆಪ್ಲರನು ಐದು ಘನಗಳನ್ನು ಪೂರ್ತಿಯಾಗಿ ಬಿಡಲಿಲ್ಲ. ತನ್ನ ಮುಂದಿನ ಗ್ರಂಥಗಳ ಬೀಜವೆಲ್ಲ ಈ ಚಿಕ್ಕ ಪುಸ್ತಕದಲ್ಲಿತ್ತೆಂದು ಪ್ರೀತಿಯಿಂದ ನೆನೆದನು. ಇದು ಮೋಹವೋ ಕೃತಜ್ಞತೆಯೋ ಎಂದು ಬೇರ್ಪಡಿಸುವುದು ಕಷ್ಟ. ಅವನ ಟಿಪ್ಪಣಿಗಳಲ್ಲಿ ಎರಡೂ ಬೆರೆತಂತೆ ತೋರುತ್ತದೆ. ಅವನು 1630ರಲ್ಲಿ ತೀರಿಕೊಂಡನು. ಐದು ಘನಗಳ ನಕ್ಷೆಯಲ್ಲಿ ಎಡೆಯೇ ಇಲ್ಲದ ಏಳನೆಯ ಗ್ರಹವನ್ನು ಹರ್ಷೆಲನು ಕಂಡುದು 1781ರಲ್ಲಿ.